ಟವಲಿನ ಕೆಳಗೆ ಹಿಡಿದ ಬೆರಳು

ಅಕ್ಕಾ, ನೀನು ವಕೀಲರಿಗೆ ಕೊಟ್ಟ ಫೀಸಿನಲ್ಲಿ ನನಗೂ ಪಾಲಿತ್ತು. ಪ್ರತಿ ಸಲವೂ.

ಅದು ನಿನ್ನ ಕಣ್ಣೆದುರೇ ನಡೆಯಿತು. ಭಾವ ತೀರಿಕೊಂಡ ಮೇಲೆ ಚಾಮರಾಜಪೇಟೆಯ ಮನೆಯ ಪಾಲಿಗಾಗಿ ನಿನ್ನ ಮೈದುನನ ಮೇಲೆ ದಾವೆ ಹಾಕಿಸಿದವನು ನಾನು. ವಕೀಲರನ್ನು ಹುಡುಕಿದವನೂ ನಾನೇ. ತರಗುಪೇಟೆಯಲ್ಲಿ ಮೂಟೆ ಹೊತ್ತು, ಆಮೇಲೆ ಸ್ವಂತ ಬೇಳೆ ಮಂಡಿ ಇಟ್ಟವನು. ಯಾರನ್ನು ಎಷ್ಟಕ್ಕೆ ಇಳಿಸಬಹುದೆಂದು ಮುಖ ನೋಡಿಯೇ ಹೇಳುತ್ತೇನೆಂಬ ಜಂಬ. ವಕೀಲರ ಅಪ್ಪನೂ ನಮ್ಮ ಪೇಟೆಯ ವ್ಯಾಪಾರಿಯೇ. ಹಾಗಾಗಿ ಫೀಸಿನ ಮಾತು ಬಂದಾಗ ಹೆಗಲ ಮೇಲಿನ ಟವಲ್ ತೆಗೆದು, ಹಳೇ ಮಂಡಿಯವರ ಹಾಗೆ, ಅದರ ಕೆಳಗೆ ಅವರ ಬೆರಳು ಹಿಡಿದೆ. ಬಾಯಲ್ಲಿ ಮಾತಿಲ್ಲ, ಬೆರಳು ಒತ್ತಿದ್ದೇ ದರ. ನೀನು ಎದುರು ಕುಳಿತು ನಗುತ್ತಿದ್ದೆ.

“ಅಮ್ಮಾ, ನಿಮ್ ತಮ್ಮ ನನ್ ಬೆರಳು ಮುರ್ದೇಬಿಡ್ತಾರೆ,” ಎಂದರು ವಕೀಲರು.

“ಬಿಡ್ಬೇಡ ಕಣೋ, ಗಟ್ಟಿಯಾಗ್ ಹಿಡ್ಕೋ! ಎಷ್ಟಕ್ಕಿಳಿಸ್ದೆ?” ಎಂದು ನೀನು ಕೇಳಿದೆ.

“ಇಳಿಸಿದೀನಿ ಬಿಡಕ್ಕಾ. ನೀನ್ ನಿಶ್ಚಿಂತೆಯಾಗಿರು.”

ಇಳಿಸಿರಲಿಲ್ಲ. ಏರಿಸಿದ್ದೆ. ಆ ಬೆರಳುಗಳಲ್ಲಿ ನಾನು ಕುದುರಿಸಿದ್ದು ನನ್ನ ಪಾಲನ್ನು — ನಾಲ್ಕರಲ್ಲಿ ಒಂದು.

ಆಮೇಲೆ ಬಂದ ಬಿಲ್ಲುಗಳು — ಹಿರಿಯ ವಕೀಲರ ಸಲಹೆಗೆ, ಸ್ಥಳ ನೋಡಿ ಬಂದಿದ್ದಕ್ಕೆ... ಆ ಹಿರಿಯ ವಕೀಲರನ್ನು ನಾನೂ ನೋಡಿಲ್ಲ. ಹಾಗೊಬ್ಬರು ಇದ್ದರೋ ಇಲ್ಲವೋ. ಕೋರ್ಟು ವಾಯಿದೆ ಕೊಟ್ಟು ಮುಂದೆ ಹಾಕಿದಾಗಲೆಲ್ಲ ದುಡ್ಡು. ನೀನು ಕೇಳಿದರೆ, “ಕೋರ್ಟು ಅಂದ್ರೆ ಹಂಗೇ ಅಕ್ಕಾ,” ಎಂದು ಬುದ್ಧಿ ಹೇಳಿದೆ. ಫೀಸಿಗೆಂದು ನೀನು ಬಳೆ ಮಾರುವಾಗ ಜೊತೆಗೆ ಬಂದು, ಅಂಗಡಿಯವನ ಹತ್ತಿರ ಜಗಳವಾಡಿ ಒಂದಿಷ್ಟು ಹೆಚ್ಚು ಕೊಡಿಸಿದೆ. ಅದನ್ನು ನೀನು ಇಂದಿಗೂ ಹೊಗಳುತ್ತೀಯ.

ಇನ್ನೂ ಇದೆ — ಇದನ್ನು ಬರೆಯುವ ಮುಂಚೆ ಎದ್ದು ಹೋದೆ, ಬಂದೆ, ಮತ್ತೆ ಎದ್ದೆ. ದಾವೆ ಹೂಡಿದ ವರ್ಷವೇ ನಿನ್ನ ಮೈದುನ ನಮ್ಮ ಮಂಡಿಗೆ ಬಂದಿದ್ದ. “ಕೇಸು ಬೇಡ, ಮನೇಲಿ ಬೀದಿ ಕಡೆ ಮುಂದಿನ ಕೋಣೆ ಅತ್ತಿಗೆಗೇ ಇರ್ಲಿ. ಹೊಲಿಗೆ ಕ್ಲಾಸು ನಡೆಸ್ಕೊಂಡಿರ್ಲಿ. ಸ್ವಲ್ಪ ಹೇಳ್ತೀರಾ?” ಎಂದ. ನಾನು ಹೇಳಿದ್ದು ವಕೀಲರಿಗೆ. “ಈಗ್ಲೇ ಯಾಕ್ರೀ? ಇನ್ನೊಂದಷ್ಟು ವಾಯಿದೆ ಆಗ್ಲಿ,” ಎಂದರು ಅವರು. ರಾಜಿಯಾದರೆ ನನ್ನ ಪಾಲೂ ನಿಲ್ಲುತ್ತಿತ್ತಲ್ಲ — ನಿನಗೆ ಹೇಳಲಿಲ್ಲ. ಅವನಿಗೆ, “ಅಕ್ಕ ಒಪ್ಪಲ್ಲ,” ಎಂದುಬಿಟ್ಟೆ. ಅವನು ಇವತ್ತಿಗೂ ಹಾಗೇ ನಂಬಿದ್ದಾನೆ.

ಕೊನೆಗೆ ಮನೆಯೇ ಮಾರಾಟವಾಯಿತು. ನಿನ್ನ ಪಾಲಿನಲ್ಲಿ ಸಾಲ, ಫೀಸು ಕಳೆದು ಉಳಿದದ್ದು ಹನುಮಂತನಗರದ ಬಾಡಿಗೆ ಕೋಣೆಯ ಅಡ್ವಾನ್ಸು, ಆ ಹಳೇ ಹೊಲಿಗೆ ಮಷೀನು. ಬಸವನಗುಡಿಗೆ ಹೋಗಬೇಕಾದರೂ ನಾನು ನಿಮ್ಮ ಹಳೇ ಬೀದಿ ತಪ್ಪಿಸಿ ಸುತ್ತಿ ಹೋಗುತ್ತೇನೆ.

ನಿನ್ನೆ ನಿನ್ನ ಫೋನು ಬಂತು. “ಪಕ್ಕದ್ಮನೆ ಸರೋಜಮ್ಮಂದೂ ಆಸ್ತಿ ತಕರಾರು ಕಣೋ. ಸೋಮವಾರ ಕರ್ಕೊಂಡ್ಬರ್ತೀನಿ. ಟವಲ್ ಹಾಕಿ ಫೀಸಿಳ್ಸಿಕೊಡು, ನಂಗೆ ಮಾಡ್ದಂಗೆ.”

ನಿನಗೆ ಮಾಡಿದ ಹಾಗೆ —

ಸರೋಜಮ್ಮನಿಗೆ ಹೇಳು: ಕೊಟ್ಟ ದುಡ್ಡಿಗೆಲ್ಲ ರಸೀದಿ ಕೇಳಲಿ. ಎದುರಿನವರ ಜೊತೆ ತಾವೇ ಒಮ್ಮೆ ಕುಳಿತು ಮಾತಾಡಲಿ. ವಕೀಲರನ್ನು ಕೊಡಿಸುತ್ತೇನೆಂದು ಬರುವ ನನ್ನಂಥವನನ್ನು ಮೊದಲು ಅನುಮಾನಿಸಲಿ... ನೋಡು, ಇಲ್ಲೂ ಸಲಹೆ ಕೊಡುತ್ತಿದ್ದೇನೆ.

ಸೋಮವಾರದವರೆಗೆ ಕಾಯುವುದಿಲ್ಲ. ನಾಳೆ ಮೊದಲು ನಿನ್ನ ಮೈದುನನ ಮನೆಗೆ ಹೋಗಿ, ಅಕ್ಕನಿಗೆ ನಾನು ಹೇಳಲೇ ಇಲ್ಲ ಎಂದು ಹೇಳಿ, ಅಲ್ಲಿಂದ ನಿನ್ನಲ್ಲಿಗೆ ಬರುತ್ತೇನೆ. ವಕೀಲರ ಮೇಲೆ ದೂರು ಕೊಡುವುದಾದರೆ ಸಾಕ್ಷಿ ನಾನೇ. ತೆಗೆದುಕೊಂಡದ್ದನ್ನು ತರುತ್ತೇನೆ, ಆ ಮುಂದಿನ ಕೋಣೆಯನ್ನು ತರಲಾರೆ. ಈ ಕಾಗದ ನಿನ್ನ ಕೈಗೆ ಕೊಟ್ಟು, ನೀನು ಇದನ್ನು ಓದಿ ಮುಗಿಸುವವರೆಗೆ ಬಾಗಿಲಾಚೆ ನಿಂತಿರುತ್ತೇನೆ. ಒಳಗೆ ಬಾ ಎನ್ನಬೇಕೆಂದೇನಿಲ್ಲ.