ಮುಚ್ಚಳ ಮುಚ್ಚಿದರೂ ನಿಲ್ಲದ ಮ್ಯಾಚು

ಮುಳಬಾಗಿಲಿನ ನಮ್ಮ ಮನೆಯಲ್ಲಿ ತೊಂಬತ್ತರ ದಶಕದ ಟಿವಿಗೆ ಬಾಗಿಲಿತ್ತು. ಮರದ ಶಟರ್, ಅದಕ್ಕೊಂದು ಪುಟ್ಟ ಬೀಗ. ಬೀಗದ ಕೈ ನನ್ನ ಓರಗಿತ್ತಿಯ ಸೊಂಟದಲ್ಲಿ. ಅವರು ಹಿರಿಸೊಸೆ, ಆಂಧ್ರದ ಗಡಿಯ ನಂಗಲಿಯವರು, ಮಾತಿನ ಮಧ್ಯೆ ತೆಲುಗು ನುಸುಳುತ್ತಿತ್ತು. ನಾನು ಕೋಲಾರದ ಕಾನ್ವೆಂಟಿನಲ್ಲಿ ಓದಿ ಬಂದ ಕಿರಿಸೊಸೆ. ಇಂಗ್ಲಿಷ್ ನ್ಯೂಸ್ ಹಾಕಿ ಅಂದರೆ ಸಾಕು, “ಬಂದ್ಲಮ್ಮಾ ಕಾನ್ವೆಂಟಮ್ಮ” ಎಂದು ಅಡುಗೆಮನೆಗೆಲ್ಲ ಕೇಳುವಂತೆ ಹೇಳುತ್ತಿದ್ದರು.

ನನಗೆ ಟೆನಿಸ್ ಹುಚ್ಚು. ಕಾನ್ವೆಂಟಿನ ಮಣ್ಣಿನ ಕೋರ್ಟಿನಲ್ಲಿ ಸಿಸ್ಟರ್ ಒಬ್ಬರು ಒಂದು ಕೈಯಲ್ಲಿ ಉದ್ದ ಅಂಗಿ ಎತ್ತಿ ಹಿಡಿದು ನಮಗೆ ಸರ್ವ್ ಕಲಿಸಿದ್ದರು. ಮದುವೆಯಾದ ಮೇಲೆ ರಾಕೆಟ್ ಅಟ್ಟ ಸೇರಿತು. ಉಳಿದದ್ದು ವರ್ಷಕ್ಕೊಮ್ಮೆ ಟಿವಿಯಲ್ಲಿ ಬರುವ ಹೆಂಗಸರ ಫೈನಲ್ ಮಾತ್ರ. ಆ ವರ್ಷ ಜಡೆ ಹೆಣೆದುಕೊಂಡ ಹುಡುಗಿಯೊಬ್ಬಳು ಮೊದಲ ಸೆಟ್ ಸೋತು, ಎರಡನೆಯದನ್ನು ಕಿತ್ತುಕೊಂಡಿದ್ದಳು. ಮೂರನೇ ಸೆಟ್ ಮುಗಿಯುತ್ತಾ ಬಂದಿತ್ತು. ಆಗ ಓರಗಿತ್ತಿ ಸೆರಗಿಗೆ ಕೈ ಒರೆಸಿಕೊಳ್ಳುತ್ತಾ ಬಂದರು.

“ಸಾಕು ಕಣೇ. ತೊಡೆ ತೋರಿಸ್ಕೊಂಡು ಕುಣಿಯೋರನ್ನ ಎಷ್ಟೊತ್ತು ನೋಡ್ತೀಯ?”

“ಇನ್ನೊಂದೇ ಗೇಮ್ ಅಕ್ಕ. ಪ್ಲೀಸ್.”

“ಪ್ಲೀಸಂತೆ!” ಶಟರ್ ಎಳೆದು ಬೀಗ ತಿರುಗಿಸಿದರು. ಸ್ವಿಚ್ ಆರಿಸುವ ಗೋಜಿಗೂ ಹೋಗಲಿಲ್ಲ. ಮರದ ಹಿಂದೆ ಜೋರು ಚಪ್ಪಾಳೆ ಕೇಳಿಸಿತು. ಯಾರಿಗೆಂದು ಗೊತ್ತಾಗಲಿಲ್ಲ. ಮರುದಿನ ಪೇಪರಿನಲ್ಲಿ ಹೆಸರು ಓದಿದೆ. ಆದರೆ ಅದು ಬರೀ ರಿಸಲ್ಟು. ನನ್ನಿಂದ ಕಸಿದುಕೊಂಡದ್ದು ಆ ಗೇಮ್.

ಆಮೇಲೆ ಮನೆ ಪಾಲಾಯಿತು. ನಡುಮನೆಯ ಮಧ್ಯೆ ಗೋಡೆ ಎದ್ದಿತು. ಟಿವಿ ಅವರ ಪಾಲಿಗೆ ಹೋಯಿತು, ಇನ್ನೇನು.

ವರ್ಷಗಳು ಕಳೆದು ಕೋಲಾರದ ಒಂದು ಮದುವೆಯಲ್ಲಿ ನನ್ನ ಕಾನ್ವೆಂಟ್ ಕ್ಲಾಸ್‌ಮೇಟ್ ಸಿಕ್ಕಳು. ಮಾತಿಗೆ ಮಾತು ಬಂದು, ಅವಳು ಆಗೆಲ್ಲ ಫೈನಲ್‌ಗಳನ್ನು ಕ್ಯಾಸೆಟ್ಟಿಗೆ ರೆಕಾರ್ಡ್ ಮಾಡುತ್ತಿದ್ದುದು ತಿಳಿಯಿತು. ಮದುವೆ ವಿಡಿಯೋಗಳನ್ನು ಸಿಡಿಗೆ ಹಾಕಿಕೊಡುವ ಸ್ಟುಡಿಯೋದಲ್ಲಿ ಆ ಮ್ಯಾಚಿನ ಸಿಡಿ ಮಾಡಿಸಿ ಕಳಿಸಿದಳು. ನನ್ನ ಪ್ಲೇಯರ್ ಸರಿಯಾಗಿ ಮೂರನೇ ಸೆಟ್ಟಿಗೆ ಬಂದು ಕಟಕಟ ಎಂದು ನಿಂತಿತು! ಸಿಡಿಯ ಮೇಲೆ ಗೀರು. ಮೈಯೆಲ್ಲ ಉರಿದುಹೋಯಿತು. ಓರಗಿತ್ತಿಯೇ ಆ ಪ್ಲೇಯರಿನೊಳಗೆ ಕೂತಿದ್ದಾರೆ ಅನ್ನಿಸಿತು.

ಆಗಲೇ ನಾನು ಲ್ಯಾಪ್‌ಟಾಪಿಗೆ ಗಂಟುಬಿದ್ದದ್ದು. ನಮ್ಮೆಜಮಾನರ ಆಫೀಸಿನಲ್ಲಿ ಹಳೆಯದೊಂದನ್ನು ಗುಜರಿಗೆ ಹಾಕುತ್ತಿದ್ದರು, ಗುಜರಿ ಬೆಲೆಗೇ ತರಿಸಿಕೊಂಡೆ. ಪರದೆಯ ಮೇಲೆ ಹಸಿರು ಗೆರೆ, ಎರಡು ಕೀ ನಾಪತ್ತೆ. ಕಂಪ್ಯೂಟರ್ ಮ್ಯಾಗಜೀನ್ ಜತೆ ಫ್ರೀಯಾಗಿ ಬಂದ ಸಿಡಿಯಿಂದ, ವಿಂಡೋಸ್ ಬದಲು ಪುಕ್ಕಟೆ ಸಿಗುವ ಲಿನಕ್ಸ್ ಹಾಕಲು ಕೂತೆ. ಡಿಸ್ಕನ್ನು ಪಾರ್ಟಿಷನ್ ಮಾಡಲೇ ಎಂದು ಕೇಳಿತು. ಈ ಮನೆಯಲ್ಲಿ ಆಗಿರುವ ಪಾರ್ಟಿಷನ್ನೇ ಸಾಕು, ಇಡೀ ಡಿಸ್ಕ್ ನೀನೇ ತಗೋ ಎಂದೆ. ಗೀರು ಬಿದ್ದ ಸಿಡಿಯನ್ನು ಅದು ತೆವಳುತ್ತಾ ತೆವಳುತ್ತಾ ಪೂರ್ತಿ ಕಾಪಿ ಮಾಡಿತು. ಹಿಂದುಗಡೆಯ ದುಂಡು ತೂತಿನಿಂದ, ಪಾಲಾದ ಮೇಲೆ ನಾವು ಕೊಂಡಿದ್ದ ಟಿವಿಗೆ ವೈರು ಎಳೆದೆ. ಎಜಮಾನರ ಹಳೆಯ ಹಾಡು, ಮಕ್ಕಳ ಫೋಟೋ, ಸಿನಿಮಾ ಎಲ್ಲ ದೊಡ್ಡದಾಗಿ ಟಿವಿಯಲ್ಲೇ ಬಂತು.

ಒಂದೇ ತೊಂದರೆ. ಮುಚ್ಚಳ ಮುಚ್ಚಿದರೆ ಲ್ಯಾಪ್‌ಟಾಪ್ ಮಲಗಿಬಿಡುತ್ತಿತ್ತು, ಟಿವಿಯೂ ಕಪ್ಪು. ಸೆಟ್ಟಿಂಗ್‌ನಲ್ಲಿ ಹುಡುಕಿದೆ. ಮುಚ್ಚಳ ಮುಚ್ಚಿದಾಗ ಏನು ಮಾಡಬೇಕು ಎಂದು ಇಂಗ್ಲಿಷಿನಲ್ಲಿ ಕೇಳುತ್ತಿತ್ತು. ಏನೂ ಮಾಡಬೇಡ ಎಂಬುದನ್ನು ಆರಿಸಿದೆ. ಅಲ್ಲಿಗೆ ನನ್ನ ಏರ್ಪಾಡು ಮುಗಿಯಿತು. ಕೊನೆಯ ಗೇಮನ್ನು ಮಾತ್ರ ನೋಡದೆ ಇಟ್ಟುಕೊಂಡೆ. ಓರಗಿತ್ತಿಯನ್ನು ಎದುರಿಗೆ ಕೂರಿಸಿಕೊಂಡೇ ನೋಡಬೇಕಿತ್ತು.

ಗೌರಿಹಬ್ಬಕ್ಕೆ ಅವರನ್ನು ಅರಿಶಿನ ಕುಂಕುಮಕ್ಕೆ ಕರೆದೆ. ಕುಂಕುಮ, ತಾಂಬೂಲ ಕೊಡುವವರೆಗೆ ಮುತ್ತೈದೆ ಎದ್ದು ಹೋಗುವಂತಿಲ್ಲವಲ್ಲ. ಕೂರಿಸಿ, ಮ್ಯಾಚು ಹಾಕಿದೆ.

“ಏಮೇ, ಇನ್ನೂ ಬಿಟ್ಟಿಲ್ವಾ ಈ ಹುಚ್ಚು?” ಎಂದವರೇ ಎದ್ದು ಹೋಗಿ ಲ್ಯಾಪ್‌ಟಾಪಿನ ಮುಚ್ಚಳವನ್ನು ಟಪ್ಪೆಂದು ಮುಚ್ಚಿದರು. ಟಿವಿಯಲ್ಲಿ ಜಡೆಯವಳು ತನ್ನ ಪಾಡಿಗೆ ಸರ್ವ್ ಮಾಡಿದಳು. “ಇದೇಮಿಟೇ, ನಿಲ್ಲಲ್ವಾ ಇದು?”

“ಮುಚ್ಚಿದ್ರೆ ನಿಲ್ಬೇಡ ಅಂತ ಹೇಳಿದೀನಿ ಅಕ್ಕ. ಕೂತ್ಕೊಳ್ಳಿ, ಕುಂಕುಮ ತರ್ತೀನಿ.”

ತರಲಿಲ್ಲ. ಕಾಫಿ ಕೊಟ್ಟೆ, ಕೋಡುಬಳೆ ಕೊಟ್ಟೆ. ಮೊದಲು ಗೊಣಗಿದರು. ಆಮೇಲೆ ಗೊಣಗಾಟ ನಿಂತಿತು. ಮೂರನೇ ಸೆಟ್ಟಿಗೆ ಬರುವಷ್ಟರಲ್ಲಿ ಕುರ್ಚಿಯ ತುದಿಗೆ ಬಂದಿದ್ದರು. “ಅಯ್ಯೋ, ಜಡೆಯವಳು ಬಿದ್ಲು! ಏಳೇ ತಾಯಿ, ಏಳೇ!”

ನಾನು ಹೀಗಾಗುತ್ತದೆಂದು ಎಣಿಸಿರಲಿಲ್ಲ. ಅವರು ಹಿಂಸೆಪಡಬೇಕೆಂದಿದ್ದೆ, ಅವರು ನನ್ನ ಮ್ಯಾಚನ್ನು ಸವಿಯುತ್ತಿದ್ದರು!

“ಈಗ ಯಾರೇ ಗೆಲ್ಲೋದು?”

ಸೆರಗಿನಡಿ ಬಚ್ಚಿಟ್ಟುಕೊಂಡಿದ್ದ ಮೌಸ್ ಒತ್ತಿ ಮ್ಯಾಚು ನಿಲ್ಲಿಸಿದೆ. ಟಿವಿ ಕಪ್ಪಾಯಿತು.

“ಸಾಕು ಅಕ್ಕ. ದೀಪ ಹಚ್ಚೋ ಹೊತ್ತಾಯ್ತು.”

“ಇನ್ನೊಂದೇ ಆಟ ಇತ್ತಲ್ಲೇ!”

“ಹೌದು. ಒಂದೇ ಇತ್ತು.”

ಅವರ ಮುಖದಲ್ಲಿ ಆ ಹಳೆಯ ದಿನದ ನೆನಪನ್ನು ಹುಡುಕಿದೆ. ಇರಲಿಲ್ಲ. ನಾನು ಇಷ್ಟು ವರ್ಷ ಹೊತ್ತುಕೊಂಡು ತಿರುಗಿದ್ದನ್ನು ಅವರು ಅಂದೇ ಮರೆತಿದ್ದರು. ಅದಕ್ಕೇ ಒಂದು ಚೂರೂ ಕರುಣೆ ಬರಲಿಲ್ಲ. ಕುಂಕುಮವಿಟ್ಟು, ತಾಂಬೂಲ ಕೊಟ್ಟು, ಬಾಗಿಲವರೆಗೆ ಬಿಟ್ಟುಬಂದೆ.

ಬಾಗಿಲು ಹಾಕಿ ಕೂತು, ಕೊನೆಯ ಗೇಮ್ ಹಾಕಿದೆ. ಕಣ್ಣು ತುಂಬಿ ಬಂದು ಕೊನೆಯ ಪಾಯಿಂಟ್ ಅರ್ಧ ಮಂಜಾಯಿತು. ಸ್ಟೇಡಿಯಮ್ಮಿಗೆ ಸ್ಟೇಡಿಯಮ್ಮೇ ಎದ್ದು ಚಪ್ಪಾಳೆ ತಟ್ಟಿತು. ಗೋಡೆಯಾಚೆಯಿಂದ ಕೂಗು ಬಂತು:

“ಯಾರೇ ಗೆದ್ದಿದ್ದು?”

ಸೌಂಡು ಇನ್ನಷ್ಟು ಜಾಸ್ತಿ ಮಾಡಿದೆ.