ಸಾವಿರದ ಒಂಬತ್ತು ರೊಟ್ಟಿ

ನಾನು ಚಿಕ್ಕವನಿದ್ದಾಗ ನನ್ನ ಬಾಯಿಗೆ ಬೀಗ ಹಾಕುವವರು ನಮ್ಮೂರು ಕರಜಗಿಯಲ್ಲಿ ಹುಟ್ಟಿರಲಿಲ್ಲ. ಅದಕ್ಕೇ ಅಕ್ಕ ಮದುವೆಯಾಗಿ ಭೂಸನೂರಿಗೆ ಹೊರಟ ದಿನ ಅಪ್ಪ ಖಡಾಖಂಡಿತವಾಗಿ ಹೇಳಿಬಿಟ್ಟ: "ನೀ ಜೀಪ್ ಹತ್ತಬ್ಯಾಡ. ಬೀಗರ ಮನ್ಯಾಗ ವಾದಕ್ಕ ಕುಂತರ ನಮ್ಮ ಮರ್ಯಾದಿ ಏನಾಗಬೇಕು?" ನಾನೋ, ಅಕ್ಕನನ್ನು ಬಿಟ್ಟು ಒಂದು ದಿನವೂ ಇದ್ದವನಲ್ಲ.

ಪಡಸಾಲೆಯಲ್ಲಿ ಬೀಗರಿಗೆ ಕೊಡುವ ಬುತ್ತಿ ಸಿದ್ಧವಾಗುತ್ತಿತ್ತು. ಎಳ್ಳು ಹಚ್ಚಿದ ಖಡಕ್ ಜೋಳದ ರೊಟ್ಟಿ, ಮೂಗಿಗೆ ಹೊಡೆಯುವ ಶೇಂಗಾ ಚಟ್ನಿಪುಡಿ, ಅದೇ ನಮ್ಮ ಹಿಂಡಿಯ ಘಮ. ಓಣಿಯ ಹೆಂಗಸರೆಲ್ಲ ಸೇರಿ ಬಡಿದ ರೊಟ್ಟಿ ಸಾವಿರದ ಒಂದು. ಆ ಮೇಲಿನ ಒಂದು ಯಾಕೆ ಎಂದು ಕೇಳಿದೆ.

"ಒಂದು ಮ್ಯಾಲಿದ್ರ ಪಾಲಾಗಂಗಿಲ್ಲ. ಸಂಬಂಧನೂ ಒಡಿಯಂಗಿಲ್ಲ" ಅಂದಳು ಸೋದರತ್ತೆ.

ಇಂಥ ಮಾತು ಕೇಳಿ ಸುಮ್ಮನಿರುವುದು ಹೇಗೆ? ಎರಡು ಪಾಲಾಗದು, ಒಪ್ಪಿದೆ. ಎಷ್ಟು ಪಾಲೂ ಆಗದು ಅನ್ನುವುದಕ್ಕೆ ಆಧಾರ? ಇದ್ದಿಲು ಹಿಡಿದು ನೆಲದ ಮೇಲೆ ಭಾಗಿಸಿದೆ. ಮೂರಕ್ಕೆ ಶೇಷ ಉಳಿಯಿತು, ಐದಕ್ಕೂ ಉಳಿಯಿತು. ಏಳಕ್ಕೆ ಏನೂ ಉಳಿಯಲಿಲ್ಲ!

"ಏಳು ಅಟ್ಟಿ ಮಾಡ್ರಿ, ಒಂದೊಂದ್ರಾಗ ನೂರಾ ನಲವತ್ಮೂರು ರೊಟ್ಟಿ. ಪಾಲಾತು ನೋಡ್ರಿ!"

ಅಕ್ಕನ ಕಣ್ಣು ತುಂಬಿತು. "ಹೊಂಟ ಹೊತ್ತಿನ್ಯಾಗ ಇದೇನ್ ಅಂತೀಲೇ ತಮ್ಮಾ..."

"ಇದಕ್ಕೇ ನಾ ಬ್ಯಾಡ ಅಂದದ್ದು" ಎಂದ ಅಪ್ಪ.

ವಾದ ಗೆದ್ದಿದ್ದೆ, ಜೀಪು ಕೈತಪ್ಪಿತ್ತು. "ತಡಿ ಅಕ್ಕಾ, ಖರೇನ ಪಾಲಾಗದ ಸಂಖ್ಯೆ ಅದಾವ. ಸಾಲ್ಯಾಗ ಅವಿಭಾಜ್ಯ ಅಂತಾರ. ನಾಕು ರೊಟ್ಟಿ ತಿಂದುಬಿಟ್ರ ಒಂಬೈನೂರ ತೊಂಬತ್ತೇಳು, ಯಾರಪ್ಪಗೂ ಬಗ್ಗಂಗಿಲ್ಲ!"

"ಸಾವಿರಕ್ಕ ಕಮ್ಮಿ ಕಳಸ್ತಾರೇನಲೇ, ಹೊಟ್ಟಿಬಾಕ!" ಅತ್ತೆ ಗದರಿದಳು.

ಹಾಗಾದರೆ ಮೇಲಕ್ಕೆ ಹತ್ತಬೇಕು. ಸಾವಿರದ ಮೂರು ಹದಿನೇಳಕ್ಕೆ ಸೋತಿತು, ಸಾವಿರದ ಐದು ಐದಕ್ಕೇ, ಸಾವಿರದ ಏಳು ಹತ್ತೊಂಬತ್ತಕ್ಕೆ. ಸಾವಿರದ ಒಂಬತ್ತು ಮಾತ್ರ ಯಾವುದಕ್ಕೂ ಸೋಲಲಿಲ್ಲ. ಮೂವತ್ತೊಂದರವರೆಗೆ ನೋಡಿದರೆ ಸಾಕು, ಮಕ್ಕಳೇ. ಗುಣಿಸುವ ಎರಡು ಸಂಖ್ಯೆಗಳಲ್ಲಿ ಚಿಕ್ಕದು ಅದನ್ನು ಮೀರಲಾರದು: ಮೂವತ್ತೆರಡನ್ನು ಮೂವತ್ತೆರಡರಿಂದ ಗುಣಿಸಿದರೆ ಲೆಕ್ಕ ಸಾವಿರದ ಒಂಬತ್ತನ್ನು ದಾಟಿಬಿಡುತ್ತದೆ.

"ಇನ್ನಾ ಎಂಟು ಬೇಕು" ಎಂದೆ.

"ವಾದ ನಿಂದು, ರೊಟ್ಟಿನೂ ನೀನೇ ಬಡಿ" ಎಂದ ಅಪ್ಪ.

ಅಕ್ಕ ಕಣ್ಣೊರೆಸಿಕೊಂಡು ಒಲೆಯ ಮುಂದೆ ನನ್ನ ಪಕ್ಕ ಕೂತಳು. ಅವಳು ನಾದಿಕೊಟ್ಟಳು, ನಾನು ಬಡಿದೆ. ಒಂದು ರೊಟ್ಟಿಗೆ ಬಾಲ ಬಂತು, ಇನ್ನೊಂದಕ್ಕೆ ಕೊಂಬು. ಅಕ್ಕ ಬಿದ್ದು ಬಿದ್ದು ನಕ್ಕಳು. ಅಪ್ಪ ಕೊಂಬಿನ ರೊಟ್ಟಿ ಎತ್ತಿ ನೋಡಿ ಹಣೆ ಬಡಿದುಕೊಂಡ. "ಇದ್ಯಾರು ಬಡದಾರಂತ ಬೀಗರು ಕೇಳಿದ್ರ ಜವಾಬು ಕೊಡಾಕ ಇವನೇ ಬೇಕು. ಹತ್ತಲೇ ಜೀಪ್!"

ಇಂದು ನೀವು ಫೋನಿಗೆ ಎಂಥ ದೊಡ್ಡ ಸಂಖ್ಯೆ ಕೊಟ್ಟರೂ ಅವಿಭಾಜ್ಯ ಹೌದೋ ಅಲ್ಲವೋ ಎಂದು ಥಟ್ಟನೆ ಹೇಳುತ್ತದೆ. ನನ್ನ ಇದ್ದಿಲಿಗಿಂತ ಅದು ಚುರುಕು, ಒಪ್ಪುತ್ತೇನೆ. ರೊಟ್ಟಿಯೂ ಅಂಗಡಿಯಿಂದ ದುಂಡಗೆ ಬರುತ್ತದೆ. ಸಂಖ್ಯೆ ಪಾಲಾದರೆ ಸಂಬಂಧ ಯಾಕೆ ಒಡೆಯಬೇಕು ಎಂದು ನೀವು ಕೇಳುತ್ತೀರಿ. ಒಡೆಯುವುದಿಲ್ಲ, ಅದನ್ನೂ ಒಪ್ಪಿದೆ. ಆದರೆ ಆ ಎಂಟು ರೊಟ್ಟಿ ಬೇಯುವಷ್ಟು ಹೊತ್ತು ಅಕ್ಕ ನಮ್ಮ ಮನೆಯಲ್ಲೇ ಉಳಿದಳು. ಇದಕ್ಕೆ ಎದುರು ವಾದವಿದ್ದರೆ ಹೇಳಿ, ಕೇಳುತ್ತೇನೆ.