ಜೈತುನಬಿಯ ಕೊನೆಯ ರೋಜಾ

ಕೊರೋಚಿಯ ಮಗ್ಗದ ಶೆಡ್ಡಿನಲ್ಲಿ ನನ್ನ ಪಕ್ಕದ ಮಗ್ಗ ಜೈತುನಬಿಯದು. ವಯಸ್ಸು ಐವತ್ತೆಂಟು, ನಾಲಿಗೆ ಹದಿನೆಂಟರದು. ನಾಲ್ಕು ಬಾಣಂತನಗಳಲ್ಲಿ, ಮುಟ್ಟಿನ ದಿನಗಳಲ್ಲಿ ತಪ್ಪಿಹೋದ ರಮಜಾನಿನ ಉಪವಾಸಗಳನ್ನು, ಅಂದರೆ ರೋಜಾಗಳನ್ನು, ಅವಳು ಈಗ ತಿರುಗಿ ಹಿಡಿಯುತ್ತಿದ್ದಳು. ಎಷ್ಟೆಂದು ಸರಿಯಾಗಿ ನೆನಪಿರಲಿಲ್ಲ. ಕಡಿಮೆ ಬೀಳುವುದು ಬೇಡವೆಂದು ನೂರಾ ಅರವತ್ತು ಅಂತ ತಾನೇ ನಿಶ್ಚಯಿಸಿದ್ದಳು. ಸೋಮವಾರ ಒಂದು, ಗುರುವಾರ ಒಂದು.

“ರೋಜಾದ ಬದ್ಲಿ ಬಡವರಿಗೆ ಉಣ್ಣಾಕ ಹಾಕಿ ಕೈ ತೊಳಕೋರಿ ಆಪಾ. ಈ ವಯಸ್ಸಿನಾಗ ಯಾಕ ಬೇಕು?” ಎಂದು ನಾನಂದರೆ ಕಣ್ಣು ಕೆಂಪು ಮಾಡುತ್ತಿದ್ದಳು.

“ಅದು ಕೈಲಾಗದವ್ರಿಗೆ, ಗಂಗೂ. ನನ್ನ ಕೈಕಾಲು ಗಟ್ಟಿ ಅದಾವ. ನಮ್ಮವ್ವ ತನ್ನ ರೋಜಾ ಉಳಿಸಿ ಸತ್ಲು, ಆ ಚಿಂತಿ ನನ್ನ ಕೊರಳಿಗೆ ಬಿತ್ತು. ನನ್ನ ಮಗಳಿಗೆ ಅದು ಬ್ಯಾಡ.”

ಒಂದೂವರೆ ವರ್ಷ ಕಳೆದು ಕೊನೆಯದು ಬಂತು, ಒಂದು ಗುರುವಾರ. ಅಂದು ಸಂಜೆ ಚಂದ್ರ ಕಂಡರೆ ಮರುದಿನವೇ ಹೊಸ ರಮಜಾನ್.

ಲಾಳಿಗೆ ನೂಲು ಹಾಕುವಾಗ ನಾವು ಅದರ ತೂತಿಗೆ ಬಾಯಿಟ್ಟು ಉಸಿರೆಳೆಯುತ್ತೇವೆ, ಎಳೆ ಹೊರಬರುತ್ತದೆ. ತಂತಿಯ ಕೊಕ್ಕೆಯಿಂದಲೂ ಆಗುತ್ತದೆ, ಆದರೆ ನಿಧಾನ. ರೋಜಾ ದಿನ ಜೈತುನಬಿ ಕೊಕ್ಕೆಯನ್ನೇ ಹಿಡಿಯುತ್ತಿದ್ದಳು. ಆವತ್ತು ಮಾತ್ರ ಮೂವತ್ತು ವರ್ಷದ ರೂಢಿ ಗೆದ್ದಿತು. ಉಸಿರೆಳೆದಳು, ನೂಲಿನ ತುಂಡು ಗಂಟಲಿಗಿಳಿಯಿತು. ಎಷ್ಟು ಕೆಮ್ಮಿದರೂ ಬರಲಿಲ್ಲ. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ ಅನ್ನುತ್ತಾರೆ, ಇಲ್ಲಿ ಬಾಯಿಗೆ ಹೋದದ್ದೇ ತಪ್ಪಾಯಿತು.

“ಯಾರೂ ನೋಡಿಲ್ರಿ ಆಪಾ. ನೂಲಂದ್ರ ಊಟ ಏನ್ರಿ?”

“ನಾ ನೋಡೇನಲ್ಲ. ಹೊಟ್ಟಿಗೆ ಇಳದೈತಿ, ರೋಜಾ ಮುರದೈತಿ. ಬೇಕಂತ ಮಾಡಿಲ್ಲ, ಪಾಪ ಇಲ್ಲ. ಇನ್ನೊಂದ ಹಿಡೀತೇನಿ, ಅಷ್ಟ!”

ನನಗೆ ಸಿಟ್ಟೂ ಬಂತು, ಅಳುವೂ ಬಂತು. ಅವಳು ಮಗ್ಗ ಚಾಲೂ ಮಾಡಿದಳು.

ಸಂಜೆ ಚಂದ್ರ ಕಂಡ. ರಮಜಾನಿನಲ್ಲಿ ಆ ತಿಂಗಳ ರೋಜಾಗಳನ್ನೇ ಹಿಡಿಯಬೇಕು, ಹಳೆಯ ಬಾಕಿ ತೀರಿಸುವಂತಿಲ್ಲ. ಒಂದು ಬಾಕಿ ಇಟ್ಟುಕೊಂಡೇ ಅವಳು ಇಡೀ ರಮಜಾನ್ ಕಳೆದಳು. ಈದ್ ಹಬ್ಬದ ಮರುದಿನ ಮನೆಯವರೆಲ್ಲ ಉಳಿದ ಶೀರಖುರ್ಮಾ ಪಾಯಸ ಉಣ್ಣುತ್ತಿದ್ದರೆ ಇವಳು ರೋಜಾ ಹಿಡಿದು ಕೂತಿದ್ದಳು. ಹೊತ್ತು ಮುಳುಗುವಾಗ ನಾನೂ ಅವಳ ಮನೆಗೆ ಹೋದೆ. ಬಾಣಂತನಕ್ಕೆ ಬಂದಿದ್ದ ಮಗಳು ಆರಿಫಾ, ಮೂರು ತಿಂಗಳ ಕೂಸನ್ನು ಎದೆಗೊತ್ತಿಕೊಂಡೇ ಖರ್ಜೂರ ತಂದುಕೊಟ್ಟಳು. ಹಾಲುಣಿಸುವ ಅವಳಿಗೆ ಆ ರಮಜಾನಿನಲ್ಲಿ ಒಂದು ರೋಜಾವೂ ಆಗಿರಲಿಲ್ಲ.

ಜೈತುನಬಿ ಖರ್ಜೂರ ತಿಂದು ನೀರು ಕುಡಿದಳು. ನನಗೂ ತಿಳಿಯಲೆಂದು ಮಗಳಿಗೆ ಕನ್ನಡದಲ್ಲೇ ಹೇಳಿದಳು: “ನನ್ನವು ಮುಗದಾವ. ನಾಳೆ ನಾ ಸತ್ರ ನಿನ್ನ ಕೊರಳಿಗೆ ಏನೂ ಬೀಳೂದಿಲ್ಲ. ಇನ್ನ ನಿನ್ನವು ಒಂದ ತಿಂಗಳಿನವು ಅದಾವ. ಕೂಸು ಹಾಲು ಬಿಟ್ಟ ಮ್ಯಾಲ ಸುರು ಮಾಡು.”

ಆರಿಫಾ ಕೂಸಿನ ಮೇಲೆ ಬಾಗಿ ಅತ್ತಳು.